ಗಾಳಿಚೀಲದ ಕವೂಥಾ ಕಂಡ ಕಾಡೆಮ್ಮೆ

ನೈರೋಬಿಯ ಉತ್ತರಕ್ಕೆ, ಗಡಿಯ ಹತ್ತಿರದ ಲೋಕಿಚೊಗ್ಗಿಯೊದಲ್ಲಿ ಬೆಳಕು ಹರಿಯುವ ಹೊತ್ತಿಗೆ ಕವೂಥಾ ಮೂಲಿ ಏಣಿಯ ಮೇಲಿದ್ದಾರೆ. ಹಲ್ಲಿನ ನಡುವೆ ಎರಡು ದಬ್ಬಳ, ಹೆಗಲ ಮೇಲೆ ಕಿತ್ತಳೆ ಬಿಳಿ ಪಟ್ಟೆಯ ಉದ್ದನೆಯ ಬಟ್ಟೆ, ಸೊಂಟದಲ್ಲಿ ಮೇಣ ಹಚ್ಚಿದ ದಾರದ ಉಂಡೆ. ರನ್‌ವೇ ಪಕ್ಕದ ಕಂಬದ ತುದಿಗೆ ಒಂದು ಕಬ್ಬಿಣದ ಬಳೆ ಇದೆ. ಆ ಬಳೆಗೆ ಬಟ್ಟೆಯ ಬಾಯಿ ಸುತ್ತಿ ಹೊಲಿಯಬೇಕು. ಗಾಳಿ ಏಳುವ ಮೊದಲೇ ಮುಗಿಸಬೇಕು. ಎದ್ದ ಮೇಲೆ ಬಟ್ಟೆ ಕಟ್ಟಿಹಾಕಿದ ಹೋತದ ಹಾಗೆ ಜಗ್ಗಾಡುತ್ತದೆ. ಕೆಳಗೆ ಏಣಿ ಹಿಡಿದುಕೊಂಡವಳು ನಾನು.

"ಗಟ್ಟಿ ಹಿಡ್ಕೋ ಮಗಳೇ," ದಬ್ಬಳ ಕಚ್ಚಿಕೊಂಡೇ ಹೇಳುತ್ತಾರೆ. "ನಾನು ಬಿದ್ರೆ ಎತ್ತೋಕೆ ಜನ ಇದ್ದಾರೆ. ದಬ್ಬಳ ಬಿದ್ರೆ ಈ ಮರಳಲ್ಲಿ ಯಾರು ಹುಡುಕ್ತಾರೆ?"

ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಎಷ್ಟು ಜೋರಾಗಿದೆ ಎಂದು ಇಳಿಯುವ ಪೈಲಟ್‌ಗೆ ತೋರಿಸುವ ಬಟ್ಟೆಯ ಕೊಳವೆ ಇದು. ನಮ್ಮ ಕಡೆ ಇದನ್ನು ಗಾಳಿಯ ಕಾಲುಚೀಲ ಅನ್ನುತ್ತಾರೆ, ಸ್ವಾಹಿಲಿಯಲ್ಲಿ ಸೋಕ್ಸಿ. ಹಾಗಾಗಿ ಟರ್ಕಾನಾದಿಂದ ಬುಕೋಬಾವರೆಗೆ ಯಾವ ಪುಟ್ಟ ವಿಮಾನ ನಿಲ್ದಾಣದಲ್ಲಿ ಇಳಿದರೂ ಈ ಹೆಂಗಸು ಮಾಮಾ ಸೋಕ್ಸಿ, ಅಂದರೆ ಕಾಲುಚೀಲದ ಅಮ್ಮ. ಕವೂಥಾ ಎಂಬ ಹೆಸರು ಕಿಟುಯಿಯ ತವರಿನವರಿಗೆ ಮತ್ತು ಚುನಾವಣೆಯವರಿಗೆ ಮಾತ್ರ ನೆನಪಿದೆ.

ಇವತ್ತು ಮಾತ್ರ ಅವರ ಗಮನ ಪೂರ್ತಿ ಹೊಲಿಗೆಯ ಮೇಲಿಲ್ಲ. ನಾಲ್ಕು ಹೊಲಿಗೆ ಹಾಕುತ್ತಾರೆ, ಉತ್ತರದ ಬೆಟ್ಟದ ಕಡೆ ತಿರುಗಿ ನೋಡುತ್ತಾರೆ. ಮತ್ತೆ ನಾಲ್ಕು, ಮತ್ತೆ ಒಂದು ನೋಟ. ದಕ್ಷಿಣ ಸುಡಾನಿನ ಕಡೆಯಿಂದ ಇವತ್ತು ಒಂದು ಕಾಡೆಮ್ಮೆ ಬರಬೇಕಾಗಿದೆ. ಅದು ತನ್ನ ಗಂಡನ ಕಾಡೆಮ್ಮೆಯೋ ಅಲ್ಲವೋ ಎಂದು ಹತ್ತಿರದಿಂದ ನೋಡಲೆಂದೇ ಅವರು ಎರಡು ತಿಂಗಳು ಕಾದು ಇಲ್ಲಿಗೆ ಬಂದಿದ್ದಾರೆ.

ಕಾಡೆಮ್ಮೆ ಎಂದರೆ ದಪ್ಪ ಹೊಟ್ಟೆಯ, ಎತ್ತರ ಬಾಲದ, ಎರಡು ಪಂಖದ ಸಾಮಾನು ಸಾಗಿಸುವ ವಿಮಾನ. ಮಾಡಿದವರೇ ಇಟ್ಟ ಹೆಸರು ಅದು. ಉಳಿದ ವಿಮಾನಗಳಿಗೆ ಬೇಲಿಯವರು ತಾವೇ ಹೆಸರಿಟ್ಟಿದ್ದಾರೆ. ಒಂದೇ ಎಂಜಿನ್ನಿನ, ಎಲ್ಲಿ ಬೇಕಾದರೂ ಇಳಿಯುವ ಪುಟ್ಟ ವಿಮಾನ ಕತ್ತೆ. ರಷ್ಯಾದಿಂದ ಬಂದ ಎರಡು ಅಂತಸ್ತಿನ ರೆಕ್ಕೆಯದು ಮಿಡತೆ. ಕುಳ್ಳ ಕಾಲಿನ, ಹೊಟ್ಟೆ ನೆಲಕ್ಕೆ ತಾಗುವ ಹಾಗಿರುವುದು ಬಾತು. ನೈರೋಬಿಯ ವಿಲ್ಸನ್ ನಿಲ್ದಾಣದ ತಂತಿ ಬೇಲಿಯಾಚೆ ನ್ಯಾಗುಥಿ ಎಂಬಾಕೆಯ ಚಹಾದಂಗಡಿ ಇದೆ. ಶನಿವಾರ ಬೆಳಗ್ಗೆ ಅಲ್ಲಿ ಸೇರಿ ವಿಮಾನ ನೋಡುವ ಏಳೆಂಟು ಜನರೇ ಈ ಬೇಲಿಯವರು. ಒಬ್ಬ ಮಟಾಟು ಎಂಬ ಬಾಡಿಗೆ ವ್ಯಾನು ಓಡಿಸುತ್ತಾನೆ, ಒಬ್ಬ ಬ್ಯಾಂಕಿನಲ್ಲಿದ್ದಾನೆ, ಒಬ್ಬ ಬೆಳಗಿನ ಜಾವ ಸೊಮಾಲಿಯಾಕ್ಕೆ ಹೋಗುವ ವಿಮಾನಗಳಿಗೆ ಅಮಲಿಗೆ ಅಗಿಯುವ ಮಿರಾ ಎಲೆಯ ಮೂಟೆ ತುಂಬಿಸಿ ನೇರ ಇಲ್ಲಿಗೇ ಬರುತ್ತಾನೆ. ಅವರಿಗೆಲ್ಲ ಹಿರಿಯರು ಒಬೂಯಾ, ಎಲ್ಲರ ಬಾಯಲ್ಲಿ ಮ್ಜೇ, ಅಂದರೆ ಯಜಮಾನರು. ನಿಲ್ದಾಣದ ಅಗ್ನಿಶಾಮಕ ದಳದಲ್ಲಿದ್ದು ನಿವೃತ್ತರಾದವರು.

ಬೇಲಿಗೆ ಒಂದು ಪದ್ಧತಿ ಇದೆ. ಪ್ರಯಾಣದಲ್ಲಿ ಅಪರೂಪದ ವಿಮಾನ ಕಂಡವರು ಶನಿವಾರ ಬಂದು ಹೇಳಬೇಕು, ಹೇಳಿದವರೇ ಎಲ್ಲರಿಗೂ ಮಂಡಾಜಿ ಎಂಬ ಕರಿದ ಸಿಹಿ ಬನ್ನು ಕೊಡಿಸಬೇಕು. ಫೋಟೊ ತೋರಿಸುವ ಹಾಗಿಲ್ಲ. ಈ ದೇಶಗಳ ನಿಲ್ದಾಣಗಳಲ್ಲಿ ಕ್ಯಾಮೆರಾ ಎತ್ತಿದರೆ ಮಧ್ಯಾಹ್ನದ ಊಟ ಪೊಲೀಸ್ ಠಾಣೆಯಲ್ಲಿ. ಬಾಯಿಮಾತೇ ಸಾಕ್ಷಿ. ಉಳಿದವರು ಮಂಡಾಜಿ ತಿಂದರೆ ನಂಬಿದರು ಎಂದು ಅರ್ಥ, ಆ ವಿಮಾನ ಕಂಡವರ ಹೆಸರಿಗೆ ಸೇರಿತು. ತಿನ್ನದಿದ್ದರೆ ಇಲ್ಲ. ಅದರ ಮೇಲೆ ವಾದ ಇಲ್ಲ, ಮೇಲ್ಮನವಿ ಇಲ್ಲ.

ಈ ಬೇಲಿಯಲ್ಲಿ ಕವೂಥಾ ಕೊಡಿಸಿದಷ್ಟು ಮಂಡಾಜಿ ಇನ್ನಾರೂ ಕೊಡಿಸಿಲ್ಲ. ಕಾರಣ ಸುಲಭ, ಅವರಷ್ಟು ತಿರುಗುವವರು ಯಾರೂ ಇಲ್ಲ. ಗಾಳಿಚೀಲ ಹೆಚ್ಚು ದಿನ ಬಾಳುವ ವಸ್ತುವಲ್ಲ. ಬಿಸಿಲಿಗೆ ಒಂದು ವರ್ಷದೊಳಗೆ ಬಣ್ಣ ಹೋಗಿ ಹಪ್ಪಳವಾಗುತ್ತದೆ. ಗೀಜಗ ಹಕ್ಕಿಗಳು ಎಳೆ ಎಳೆಯಾಗಿ ಬಿಚ್ಚಿ ಗೂಡಿಗೆ ಒಯ್ಯುತ್ತವೆ. "ಹಕ್ಕಿ ಆದ್ರೂ ಪರವಾಗಿಲ್ಲ," ಅನ್ನುತ್ತಾರೆ ಕವೂಥಾ. "ಒಂದ್ಸಲ ಲೋಡ್ವಾರ್ ಹತ್ರ ಹೊಸಾ ಚೀಲ ಕಟ್ಟಿ ಬಂದೆ. ಮುಂದಿನ ವಾರ ಫೋನು, ಮಾಮಾ ನಿಮ್ಮ ಚೀಲ ಕಾಣ್ತಿಲ್ಲ ಅಂತ. ಹೋಗಿ ನೋಡಿದ್ರೆ ಒಬ್ಬ ಒಂಟೆ ಕಾಯೋನು ಅದನ್ನ ಮೈತುಂಬ ಹೊದ್ಕೊಂಡು ನಿಂತಿದ್ದಾನೆ! ಎಷ್ಟು ಚೆನ್ನಾಗಿ ಒಪ್ಪಿತ್ತು ಅಂದ್ರೆ ವಾಪಸ್ ಕೇಳೋಕೆ ಮನಸ್ಸೇ ಬರ್ಲಿಲ್ಲ. ಪೈಲಟ್ಟು ಅವನನ್ನೇ ನೋಡ್ಕೊಂಡು ಇಳೀಲಿ ಬಿಡು ಅಂತ ಬಂದೆ."

ತಿಂಗಳಿಗೆ ಐದಾರು ಚೀಲ ಹೊಲಿಯುತ್ತಾರೆ. ನೈರೋಬಿಯ ಲಂಗಾಟದ ಅವರ ಕೋಣೆಯಲ್ಲಿ ಹೊಲಿಗೆ ಯಂತ್ರ, ಒಂದು ಮಂಚ, ಮಿಕ್ಕಿದ್ದೆಲ್ಲ ಕಿತ್ತಳೆ ಬಟ್ಟೆ. ಅಂಚೆಯಲ್ಲಿ ಕಳಿಸಿದರೆ ಆಗದೇ ಎಂದರೆ ತಲೆ ಆಡಿಸುತ್ತಾರೆ. ಬಳೆಗೆ ಹೊಲಿಯುವಾಗ ಬಟ್ಟೆಯನ್ನು ಎಷ್ಟು ಎಳೆಯಬೇಕು ಎಂಬುದು ಕೈಗೆ ಗೊತ್ತಿರಬೇಕು. ಬಿಗಿಯಾದರೆ ಹರಿಯುತ್ತದೆ, ಸಡಿಲವಾದರೆ ಇಲ್ಲದ ಗಾಳಿಯನ್ನು ಇದೆ ಎಂದು ತೋರಿಸುತ್ತದೆ. ಹಾಗಾಗಿ ತಾವೇ ಹೋಗುತ್ತಾರೆ. ದಾರಿಖರ್ಚು ಕೊಡಲಾಗದ ಕಡೆಯವರು ಸಾಮಾನಿನ ವಿಮಾನದಲ್ಲಿ ಮೂಟೆಗಳ ನಡುವೆ ಜಾಗ ಕೊಡುತ್ತಾರೆ. ಕವೂಥಾಗೆ ಅದೇ ಇಷ್ಟ.

ಯಾವ ಊರಿಗೆ ಇಳಿಯುವಾಗ ಯಾವ ಕಡೆಯ ಕಿಟಕಿಯಲ್ಲಿ ಕೂರಬೇಕು ಎಂಬುದು ಅವರಿಗೆ ಬಾಯಿಪಾಠ. ಎಂಟೆಬ್ಬೆಯಲ್ಲಿ ಸರೋವರದ ಅಂಚಿನ ಹುಲ್ಲಿನಲ್ಲಿ ನಿಂತುಬಿಟ್ಟ ನಾಲ್ಕು ಎಂಜಿನ್ನಿನ ಮುದುಕನನ್ನು ಅವರು ಹೋದಾಗಲೆಲ್ಲ ಮಾತಾಡಿಸುತ್ತಾರೆ. ಮ್ವಾಂಜಾದಲ್ಲಿ ಒಮ್ಮೆ ಬಂಡೆಗಳ ಹಿಂದಿನಿಂದ ಮಿಡತೆಯೊಂದು ಎದ್ದು ಬಂದಾಗ ಚಹಾದ ಲೋಟ ಕೈಯಲ್ಲೇ ಮರೆತು ವಿಮಾನ ಹತ್ತಿದ್ದಾರೆ. ಜಾಂಜಿಬಾರಿನಲ್ಲಿ ಕತ್ತೆಗಳು ಮಟಾಟುವಿನ ಹಾಗೆ ಸಾಲುಗಟ್ಟಿ ಜನ ತುಂಬಿಸಿಕೊಳ್ಳುವುದನ್ನು ನೋಡುತ್ತ ಇಡೀ ಮಧ್ಯಾಹ್ನ ಕಳೆಯಬಲ್ಲರು. ಕಾವಲಿನವರು ತಡೆಯುವುದಿಲ್ಲವೇ? "ಕ್ಯಾಮೆರಾ ಎತ್ತಿದವರನ್ನ ಹಿಡೀತಾರೆ, ದಬ್ಬಳ ಹಿಡಿದವಳನ್ನ ಯಾರು ಕೇಳ್ತಾರೆ? ಕುರ್ಚಿ ತಂದುಕೊಡ್ತಾರೆ."

ಎಲ್ಲಿ ಹೋದರೂ ಅವರು ಮೊದಲು ನೋಡುವುದು ವಿಮಾನದ ಮೈಮೇಲಿನ ಅಕ್ಷರಗಳನ್ನು. ಪ್ರತಿ ವಿಮಾನಕ್ಕೂ ದೇಶದ ಗುರುತಿನ ಜೊತೆಗೆ ಕೆಲವು ಅಕ್ಷರ ಇರುತ್ತವೆ, ಬಂಡಿಯ ನಂಬರಿನ ಹಾಗೆ. ವಿಲ್ಸನ್ನಿನಲ್ಲಿ ಅವನ್ನು ಬರೆಯುತ್ತಿದ್ದವರು ಅವರ ಗಂಡ ಮೂಲಿ. ಸೀಮೆಸುಣ್ಣದ ದಾರ ಹೊಡೆದು ಗೆರೆ ಎಳೆದು, ಉಸಿರು ಬಿಗಿಹಿಡಿದು ಕುಂಚದಲ್ಲಿ ಬರೆಯುತ್ತಿದ್ದರು. ಅವರ ಕೈಯನ್ನು ಗುರುತಿಸುವುದು ಕಷ್ಟವಿರಲಿಲ್ಲ. ಇಂಗ್ಲಿಷಿನ ಆರ್ ಅಕ್ಷರದ ಕಾಲು ಇರಬೇಕಾದ್ದಕ್ಕಿಂತ ಉದ್ದ, ಹೆಜ್ಜೆ ಎತ್ತಿಡುವವನ ಹಾಗೆ ಮುಂದಕ್ಕೆ ಚಾಚಿರುತ್ತಿತ್ತು. ಮೇಲಿನವರು ಎಷ್ಟು ಬೈದರೂ ಬಿಡಲಿಲ್ಲ. ಭಾನುವಾರ ಗಂಡ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಬೇಲಿಗೆ ಬಂದು ನಿಲ್ಲುತ್ತಿದ್ದರು. "ಅಪ್ಪನ ಅಕ್ಷರ ಹಾರ್ತು!" ಎಂದು ಮಕ್ಕಳು ಕುಣಿಯುತ್ತಿದ್ದವು. ಕವೂಥಾಗೆ ವಿಮಾನದ ಹುಚ್ಚು ಹಿಡಿದದ್ದು ಹೀಗೆ.

ಆಮೇಲೆ ಅಂಟಿಸುವ ಅಕ್ಷರ ಬಂದವು. ಕುಂಚದ ಕೆಲಸ ನಿಂತಿತು. ಮೂಲಿ ಮಟಾಟುಗಳ ಮೇಲೆ, ಮಾಂಸದಂಗಡಿಗಳ ಮೇಲೆ ಬರೆದರು, ಎದೆಯ ಕಾಯಿಲೆಯಲ್ಲಿ ತೀರಿಕೊಂಡರು. ವಿಮಾನದ ಸೀಟಿಗೆ ಬಟ್ಟೆ ಹೊಲಿಯುತ್ತಿದ್ದ ಕವೂಥಾಗೆ ಅದೇ ವರ್ಷ ಒಬ್ಬ ಪೈಲಟ್ ಹರಿದ ಗಾಳಿಚೀಲ ತಂದುಕೊಟ್ಟು, ಇದಕ್ಕೊಂದು ತೇಪೆ ಹಾಕಮ್ಮ ಅಂದರು. ತೇಪೆ ಹಾಕುವ ಬದಲು ಬಿಚ್ಚಿ ನೋಡಿ, ಅಳತೆ ತೆಗೆದು, ಹೊಸದನ್ನೇ ಹೊಲಿದುಕೊಟ್ಟರು. ಇಬ್ಬರು ಮಕ್ಕಳ ಶಾಲೆ ಮುಗಿದದ್ದು ಆ ಬಟ್ಟೆಯಲ್ಲಿ.

ವಿಮಾನಗಳು ಮಾರಾಟವಾಗುತ್ತವೆ, ದೇಶ ಬದಲಿಸುತ್ತವೆ, ಮೇಲೆ ಹೊಸ ಬಣ್ಣ ಬೀಳುತ್ತದೆ. ಮೂಲಿ ಬರೆದ ಅಕ್ಷರಗಳು ಒಂದೊಂದಾಗಿ ಅಳಿದುಹೋದವು. ಉಳಿದಿರಬಹುದಾದದ್ದು ಒಂದೇ. ಅವರು ಕೊನೆಯದಾಗಿ ಕೆಲಸ ಮಾಡಿದ ಕಾಡೆಮ್ಮೆಯಲ್ಲಿ, ಯಾರೂ ಹೇಳದಿದ್ದರೂ, ಮುಂದಿನ ಬಾಗಿಲಿನ ಒಳಮೈಯಲ್ಲಿ ನೀಲಿ ಬಣ್ಣದಲ್ಲಿ ಅಂಗೈಯಗಲ ಬರೆದಿದ್ದರು: ಕರೀಬು. ಒಳಗೆ ಬನ್ನಿ ಎಂದು. ಹೊರಮೈಗೆ ಎಲ್ಲರೂ ಬಣ್ಣ ಬಳಿಯುತ್ತಾರೆ, ಬಾಗಿಲಿನ ಒಳಮೈಯನ್ನು ಯಾರು ಕೇಳುತ್ತಾರೆ ಎಂಬುದು ಕವೂಥಾ ಇಟ್ಟುಕೊಂಡ ಆಸೆ. ಅಂಥ ಬರಹ ಬೇರೆ ಯಾವ ವಿಮಾನದಲ್ಲೂ ಇಲ್ಲ. ಆ ಕಾಡೆಮ್ಮೆ ಹತ್ತು ವರ್ಷದಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಎರಡು ತಿಂಗಳ ಹಿಂದೆ ಇದೇ ಕಂಬದ ಮೇಲೆ ಹಳೆಯ ಚೀಲದ ಹರಿದ ಅಂಚು ಹೊಲಿಯುತ್ತಿದ್ದಾಗ ದೂರದಲ್ಲಿ ಒಂದು ಕಾಡೆಮ್ಮೆ ನಿಂತಿತ್ತು. ಬಾಗಿಲು ತೆರೆದಿತ್ತು. ಒಳಮೈಯಲ್ಲಿ ನೀಲಿ. ಇವರು ಏಣಿ ಇಳಿಯುವಷ್ಟರಲ್ಲಿ ಅದು ಧೂಳೆಬ್ಬಿಸಿ ಹೊರಟುಹೋಯಿತು.

ಆ ಶನಿವಾರ ಬೇಲಿಗೆ ಹೊಸಬಳಾದ ನಾನೂ ಅಲ್ಲಿದ್ದೆ. ಕವೂಥಾ ತಟ್ಟೆ ತುಂಬ ಮಂಡಾಜಿ ತರಿಸಿ, "ಮೂಲಿಯ ಕಾಡೆಮ್ಮೆ ಕಂಡೆ," ಎಂದರು.

ಒಬೂಯಾ ಲೋಟ ಕೆಳಗಿಟ್ಟರು. "ಸೋಕ್ಸಿ, ಅದನ್ನ ಕತ್ತರಿಸಿ ಎಷ್ಟೋ ವರ್ಷ ಆಯ್ತು. ಕತ್ತರಿಸಿದವರ ಬಾಯಿಂದಲೇ ಕೇಳಿದ್ದೀನಿ. ಅದರ ತಗಡಲ್ಲಿ ಪಾತ್ರೆ ಮಾಡಿ ಮಾರಿದ್ದಾರೆ. ನಿನ್ನ ಮನೇಲೇ ಅದು ಗಿಥೇರಿ ಕಾಳು ಬೇಯಿಸ್ತಾ ಇದ್ಯೋ ಏನೋ, ಹೋಗಿ ತಳ ನೋಡು."

"ಕರೀಬು ಅಂತ ಇತ್ತು ಮ್ಜೇ. ಅವನದೇ ಕೈ."

"ಎಲ್ಲಿಂದ ನೋಡ್ದೆ?"

"ಕಂಬದ ಮೇಲಿಂದ."

"ಬಿಸಿಲಲ್ಲಿ ಕಂಬದ ಮೇಲಿಂದ ನೋಡಿದ್ರೆ ನಮ್ಮಜ್ಜಿನೂ ಮೂಲಿ ಥರಾನೇ ಕಾಣ್ತಾಳೆ."

ಎಲ್ಲರೂ ನಕ್ಕರು. ಕವೂಥಾ ಕೂಡ ನಕ್ಕರು. ಆದರೆ ಒಬೂಯಾ ತಟ್ಟೆಗೆ ಕೈ ಹಾಕಲಿಲ್ಲ. ಅವರು ಹಾಕಲಿಲ್ಲವೆಂದು ಉಳಿದವರೂ ಹಾಕಲಿಲ್ಲ. ಮಟಾಟುವಿನವನ ಕೈ ಅರ್ಧ ದಾರಿಗೆ ಹೋಗಿ, ಅಲ್ಲೇ ತೊಡೆ ಕೆರೆದುಕೊಂಡು ವಾಪಸ್ಸಾಯಿತು. ಅಷ್ಟು ವರ್ಷಗಳಲ್ಲಿ ಕವೂಥಾ ಕೊಡಿಸಿದ ಮಂಡಾಜಿ ಉಳಿದದ್ದು ಅದೇ ಮೊದಲು. ಅವರು ಅವನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದರು.

ಆಮೇಲೆ ಒಬೂಯಾ ನನ್ನ ಹತ್ತಿರ ಹೇಳಿದರು: "ಅವಳು ಸುಳ್ಳು ಹೇಳ್ತಾಳೆ ಅಂತ ಅಲ್ಲಮ್ಮ. ಮೂಲಿ ನನ್ನ ಗೆಳೆಯ. ನನಗೂ ಎರಡು ಸಲ ಆ ವಿಮಾನ ಕಂಡಿದೆ, ಎರಡು ಸಲಾನೂ ಬೇರೆ ಯಾವುದೋ ಆಗಿತ್ತು. ಅವನ ಹೆಸರಲ್ಲಿ ಸುಮ್ಮನೆ ಹೇಗೆ ತಿನ್ಲಿ? ಗಂಟಲಲ್ಲಿ ಇಳಿಯಲ್ಲ." ಲೋಟ ಎತ್ತಿಕೊಂಡು, "ನೀನು ಯಾವಾಗ ಬಾಯಿ ಬಿಡ್ತೀಯಾ? ಆರು ತಿಂಗಳಿಂದ ಚಹಾ ಕುಡೀತಿದ್ದೀಯ, ಒಂದು ಕತ್ತೆನಾದ್ರೂ ಕಂಡೆ ಅಂತ ಹೇಳು," ಎಂದರು. ನಾನು ನಕ್ಕು ಚಹಾ ಹೀರಿದೆ.

ಲೋಕಿಚೊಗ್ಗಿಯೊದಲ್ಲಿ ಈಗ ಬೆಟ್ಟದ ಹಿಂದೆ ಸದ್ದು. ಮೊದಲು ಜೇನುಹುಳದಷ್ಟು, ಆಮೇಲೆ ಹಿಟ್ಟಿನ ಗಿರಣಿಯಷ್ಟು. ಕವೂಥಾ ಕತ್ತೆತ್ತುತ್ತಾರೆ. "ಅದೇ," ಅನ್ನುತ್ತಾರೆ. ಬಳೆಯ ಕಾಲುಭಾಗ ಹೊಲಿಗೆ ಇನ್ನೂ ಬಾಕಿ ಇದೆ. ಹೋದ ಸಲ ಏಣಿ ಇಳಿಯುವಷ್ಟರಲ್ಲಿ ತಪ್ಪಿಹೋಗಿತ್ತು. ಈಗ ಇಳಿದುಬಿಡಿ ಎಂದು ಕೂಗಬೇಕು ಅನ್ನಿಸುತ್ತದೆ, ಏಣಿಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿಯುತ್ತೇನೆ. ಅವರು ಇಳಿಯುವುದಿಲ್ಲ. ಕಾಡೆಮ್ಮೆ ತಲೆಯ ಮೇಲೆ ಒಂದು ಸುತ್ತು ಹಾಕುತ್ತದೆ, ಗಾಳಿ ಎತ್ತ ಎಂದು ಹುಡುಕುತ್ತ. ಕವೂಥಾ ದಾರ ಎಳೆದು, ಗಂಟು ಹಾಕಿ, ಹಲ್ಲಿನಿಂದ ಕಡಿದು, ಹೆಗಲ ಮೇಲಿನ ಬಟ್ಟೆಯನ್ನು ಬಿಟ್ಟುಕೊಡುತ್ತಾರೆ. ಚೀಲ ಒಮ್ಮೆ ಮಡಚಿಕೊಂಡು, ಬಾಯಿ ತೆರೆದು, ಪೂರ್ವದ ಗಾಳಿ ತುಂಬಿಕೊಂಡು ನೀಟಾಗಿ ಮಲಗುತ್ತದೆ. ಕಾಡೆಮ್ಮೆ ಅದನ್ನು ನೋಡಿಕೊಂಡು ತಿರುಗಿ ಬಂದು ಇಳಿಯುತ್ತದೆ.

ಆಮೇಲೆ ಅವರು ಏಣಿ ಇಳಿದ ವೇಗಕ್ಕೆ ನನ್ನ ಕಾಲ್ಬೆರಳು ಸಾಕ್ಷಿ.

ಹಿಂದಿನ ಬಾಗಿಲಿನಿಂದ ಖಾಲಿ ಪೀಪಾಯಿ ಇಳಿಯುತ್ತಿವೆ. ಮುಂದಿನ ಬಾಗಿಲು ತೆರೆದಿದೆ. ಕವೂಥಾ ಅದರ ಪಕ್ಕದಲ್ಲಿ ನಿಲ್ಲುತ್ತಾರೆ. ನೀಲಿ ಅಕ್ಷರಗಳು ಇವೆ. ಒಂದು ಕಡೆ ಸವೆದಿವೆ, ಒಂದು ಕಡೆ ಗೀರು ಬಿದ್ದಿದೆ. ಆರ್ ಕಾಲು ಮುಂದಕ್ಕೆ ಚಾಚಿದೆ. ಹೆಬ್ಬೆರಳಿನಿಂದ ಆ ಕಾಲನ್ನು ಮೇಲಿಂದ ಕೆಳಗೆ ಸವರುತ್ತಾರೆ, ಹೊಲಿಗೆ ಸರಿ ಬಿತ್ತೇ ಎಂದು ನೋಡುವ ಹಾಗೆ.

ಅಷ್ಟಕ್ಕೇ ತಿರುಗಿ ಬಂದುಬಿಟ್ಟಿದ್ದರೆ ಇದು ಬೇರೆ ಕಥೆಯಾಗುತ್ತಿತ್ತು. ಆದರೆ ಅವರು ಬೇಲಿಯವರು. ಎರಡು ಹೆಜ್ಜೆ ಹಿಂದೆ ಸರಿದು ಇಡೀ ವಿಮಾನ ನೋಡುತ್ತಾರೆ. ಬಾಗಿಲಿನ ಅಂಚಿನಲ್ಲಿ ಬಣ್ಣ ಕಿತ್ತ ಕಡೆ ಕೆಳಗಿನ ಹಳೆಯ ಬಣ್ಣ ಹಸಿರು. ವಿಮಾನದ ಮೈಯಲ್ಲಿ ಬಣ್ಣ ಕಿತ್ತ ಕಡೆ ಬೂದು. ಅವರ ಮುಖ ಸಣ್ಣದಾಗುತ್ತದೆ.

ಮೆಕ್ಯಾನಿಕ್ ಸೆಬುನ್ಯಾ ಎಣ್ಣೆಯ ಡಬ್ಬಿ ಹಿಡಿದು ಇಳಿಯುತ್ತಾನೆ, ಉಗಾಂಡದವನು. "ಏನು ಜಾಜಾ, ಬಾಗಿಲ ಹತ್ರ ಪ್ರಾರ್ಥನೆ ಮಾಡ್ತಿದ್ದೀರಾ?"

"ಅಜ್ಜಿ ಅಂತೀಯಾ? ಬೇಕಾದ್ರೆ ಇನ್ನೊಂದ್ಸಲ ಕಂಬ ಹತ್ತಿ ತೋರಿಸ್ತೀನಿ," ಎಂದು ಕವೂಥಾ ರೇಗುತ್ತಾರೆ. ಆಮೇಲೆ ಮೆಲ್ಲಗೆ, "ಮಗನೇ, ಈ ಬಾಗಿಲು ಇದರದ್ದಲ್ಲ, ಅಲ್ವಾ?"

"ಅಯ್ಯೋ, ನಿಮಗ್ಯಾರು ಹೇಳಿದ್ರು? ಇದರ ಬಾಗಿಲಿಗೆ ಒಂದು ಲಾರಿ ಹಿಂದಕ್ಕೆ ಬಂದು ಗುದ್ದಿತ್ತು. ಕತ್ತರಿಸಿ ಹಾಕಿದ್ದ ಇನ್ನೊಂದು ಕಾಡೆಮ್ಮೆದು ತಂದು ಹಾಕಿದ್ವಿ. ಅದರಲ್ಲಿ ಉಳಿದಿದ್ದೇ ಇದೊಂದು. ನಿಜ ಹೇಳ್ಲಾ, ಈ ವಿಮಾನದಲ್ಲಿ ಸರಿಯಾಗಿ ಮುಚ್ಚೋ ವಸ್ತು ಅಂದ್ರೆ ಈ ಬಾಗಿಲೇ."

"ಈ ಬರಹ ಯಾರೂ ಅಳಿಸ್ಲಿಲ್ವಾ?"

"ಯಾಕೆ ಅಳಿಸ್ಬೇಕು? ಮೂಟೆ ಹೊತ್ಕೊಂಡು ಬರೋರಿಗೆ ಇನ್ಯಾರು ಬನ್ನಿ ಅಂತಾರೆ?"

ಕವೂಥಾ ದಾರದ ಉಂಡೆಯನ್ನು ಮತ್ತೆ ಮತ್ತೆ ಸುತ್ತುತ್ತ ನಿಲ್ಲುತ್ತಾರೆ. ಪೀಪಾಯಿ ಇಳಿದು ಮುಗಿಯುತ್ತವೆ, ಬಾಗಿಲು ಮುಚ್ಚುತ್ತದೆ, ಕಾಡೆಮ್ಮೆ ಹೊರಡುತ್ತದೆ.

ನೈರೋಬಿಗೆ ಮರಳುವಾಗ ನಾವು ಒಣ ಮೀನಿನ ಚೀಲಗಳ ಮೇಲೆ ಕೂತಿದ್ದೇವೆ. ಅವರು ಕಿಟಕಿಯತ್ತ ನೋಡುವುದಿಲ್ಲ. ನನಗೆ ಒಂದು ಯೋಚನೆ ಬರುತ್ತದೆ. ಹತ್ತಿರದಿಂದ ನೋಡಿದೆ, ಅವನದೇ ಅಕ್ಷರ ಎಂದಷ್ಟೇ ಕವೂಥಾ ಹೇಳಿದರೆ ಸಾಕು; ಅದರಲ್ಲಿ ಸುಳ್ಳೇನೂ ಇಲ್ಲ. ಒಬೂಯಾ ತಿನ್ನುತ್ತಾರೆ. ಬಾಗಿಲಿನ ವಿಷಯ ಗೊತ್ತಿರುವುದು ನನಗೊಬ್ಬಳಿಗೆ, ನಾನು ಮಾತಾಡುವವಳಲ್ಲ ಎಂದು ಬೇಲಿಗೆಲ್ಲ ಗೊತ್ತು. ಕವೂಥಾಗೂ ಅದೇ ಯೋಚನೆ ಬಂದಿರಬೇಕು. ವಿಲ್ಸನ್ನಿಗೆ ಇಳಿಯುವಾಗ ನನ್ನ ಕಡೆ ನೋಡಿ, "ಒಬೂಯಾ ಒಬ್ಬರೇ ಮೂಲಿಗೆ ಕೊನೇವರೆಗೂ ಗೆಳೆಯರಾಗಿದ್ರು," ಎನ್ನುತ್ತಾರೆ.

ಶನಿವಾರ. ನ್ಯಾಗುಥಿಯ ಬಾಣಲೆಯಲ್ಲಿ ಎಣ್ಣೆ ಕಾದಿದೆ. ಕವೂಥಾ ಕೂರುವ ಮೊದಲೇ ಮಂಡಾಜಿ ತರಿಸುತ್ತಾರೆ.

"ಮ್ಜೇ, ನೀವು ಹೇಳಿದ್ದೇ ಸರಿ. ಅದನ್ನ ಕತ್ತರಿಸಿದ್ದಾರೆ. ನಾನು ಕಂಡಿದ್ದು ಅದರ ಬಾಗಿಲು. ಬೇರೆ ಕಾಡೆಮ್ಮೆಗೆ ಹಾಕಿದ್ದಾರೆ. ಅಕ್ಷರ ಅವನದೇ, ಕೈಯಲ್ಲಿ ಮುಟ್ಟಿ ನೋಡ್ದೆ. ವಿಮಾನ ಮಾತ್ರ ಅದಲ್ಲ. ಹೋದ ಸಲ ನಾನು ಹೇಳಿದ್ದು ತಪ್ಪು."

ಒಬೂಯಾ ಗೆದ್ದವರ ಹಾಗೆ ಕಾಣುವುದಿಲ್ಲ. "ಬಾಗಿಲಾ?" ಅನ್ನುತ್ತಾರೆ. "ಮುಚ್ಚಿ ತೆಗೆದು ಮಾಡ್ತಾರಾ ಅದನ್ನ?"

"ದಿನಾ. ಆ ವಿಮಾನದಲ್ಲಿ ಸರಿಯಾಗಿ ಮುಚ್ಚೋದು ಅದೊಂದೇ ಅಂತೆ."

ಬೇಲಿಯಲ್ಲಿ ವಾದ ಶುರುವಾಗುತ್ತದೆ. ಬಾಗಿಲು ನೋಡಿದರೆ ಮನೆ ನೋಡಿದಂತಾಗುತ್ತದೆಯೇ ಎಂದು ಬ್ಯಾಂಕಿನವನು ಕೇಳುತ್ತಾನೆ. "ನಿನ್ನ ಹೆಂಡತಿ ನಿನಗೆ ದಿನಾ ತೋರಿಸೋದು ಬಾಗಿಲು ತಾನೇ, ಆದ್ರೂ ಮನೆಗೆ ಹೋಗಿ ಬಂದೆ ಅಂತೀಯಲ್ಲ," ಎಂದು ಮಟಾಟುವಿನವನು ಕಾಲೆಳೆಯುತ್ತಾನೆ. ಹಾರುವಾಗ ಬಾಗಿಲೂ ಹಾರುತ್ತದೆ, ಹಾಗಾಗಿ ಲೆಕ್ಕಕ್ಕೆ ಬರುತ್ತದೆ ಎನ್ನುತ್ತಾನೆ ಮಿರಾದವನು. ನ್ಯಾಗುಥಿ ಬಾಣಲೆಯ ಹತ್ತಿರದಿಂದಲೇ ಕೂಗುತ್ತಾಳೆ: "ಬೇಗ ತೀರ್ಮಾನ ಮಾಡಿ, ಆರಿದ್ರೆ ಕಲ್ಲಾಗುತ್ತೆ!"

ಯಾರೋ ನನ್ನನ್ನು ನೋಡುತ್ತಾರೆ. ನಾನೂ ನೋಡಿದ್ದೇನೆ ತಾನೇ? "ಆರ್ ಕಾಲು ಉದ್ದ ಇತ್ತು," ಎನ್ನುತ್ತೇನೆ. ಬೇಲಿಯಲ್ಲಿ ನನ್ನ ಮೊದಲ ಮಾತು.

ಒಬೂಯಾ ಒಂದು ಮಂಡಾಜಿ ಎತ್ತಿಕೊಳ್ಳುತ್ತಾರೆ. ಎರಡು ಕೈಯಲ್ಲಿ ಹಿಡಿದು ಸರಿಯಾಗಿ ಅರ್ಧಕ್ಕೆ ಮುರಿಯುತ್ತಾರೆ. ಅರ್ಧ ತಟ್ಟೆಗೆ ವಾಪಸ್ಸು ಇಡುತ್ತಾರೆ, ಇನ್ನರ್ಧ ಬಾಯಿಗೆ. "ಬಾಗಿಲಿಗೆ ಅರ್ಧ," ಎಂದು ತುಂಬಿದ ಬಾಯಲ್ಲಿ ತೀರ್ಪು ಕೊಡುತ್ತಾರೆ. ಉಳಿದವರೂ ಮುರಿಯುತ್ತಾರೆ. ಕಣ್ಣೆದುರಿಗೇ ತಟ್ಟೆ ಅರ್ಧ ಚೂರುಗಳಿಂದ ತುಂಬುತ್ತದೆ. ಕವೂಥಾ ನಗುತ್ತಾರೆ, ಈ ಸಲ ಎಲ್ಲರಿಗಿಂತ ಮೊದಲು.

"ಹಾಗಾದ್ರೆ ರೆಕ್ಕೆ ಸಿಕ್ಕಿದ್ರೆ ಎಷ್ಟು, ಚಕ್ರ ಸಿಕ್ಕಿದ್ರೆ ಎಷ್ಟು?" ಎಂದು ಮಟಾಟುವಿನವನು ಕೇಳುತ್ತಾನೆ.

"ಅದೆಲ್ಲ ನೀವು ಗಂಡಸರು ಕೂತು ಲೆಕ್ಕ ಹಾಕಿ," ಅನ್ನುತ್ತಾರೆ ಕವೂಥಾ. ಮುಂದಿನ ವಾರ ಬುಕೋಬಾಕ್ಕೆ ಚೀಲ ಒಯ್ಯಬೇಕು, ಮೊಣಕಾಲ ಮೇಲೆ ಆಗಲೇ ಕಿತ್ತಳೆ ಬಟ್ಟೆಯ ಅಂಚು ಮಡಚುತ್ತಿದ್ದಾರೆ. ಇನ್ನೇನು ಆಸೆ ಉಳಿದಿದೆ ಎಂದು ನಾನು ಕೇಳಿದಾಗ ಅವರು ಮೊದಲು ದಬ್ಬಳ ಪೋಣಿಸಿ ಮುಗಿಸುತ್ತಾರೆ.

"ಸೆಬುನ್ಯಾನಿಗೆ ಹೇಳಿ ಕಳಿಸಿದ್ದೀನಿ. ಒಂದ್ಸಲ ಮೂಟೆ ಮಧ್ಯೆ ಜಾಗ ಕೊಡು ಅಂತ. ಎಲ್ಲಿಗಾದ್ರೂ ಸರಿ. ನಾನು ಒಳಗೆ ಕೂತ ಮೇಲೆ ಆ ಬಾಗಿಲು ಮುಚ್ಚಬೇಕು. ಅವನು ಬಾ ಅಂತ ಬರೆದಿದ್ದಾನೆ, ನಾನಿನ್ನೂ ಹೊರಗೇ ನಿಂತು ಓದ್ತಿದ್ದೀನಿ."